ಮಳೆಗಾಲದ ಕಾಣೆ, ಹಿತ್ತಲಿನ ಕಾಯಿಪಲ್ಯ

ಕರಾವಳಿಯ ಊರುಗಳನ್ನು ಸುತ್ತಿ ಬಂದ ಘಟ್ಟದ ಮೇಲಿನ ಗೃಹಸ್ಥರನ್ನು "ಅಲ್ಲಿ ಏನು ಊಟ ಮಾಡಿದಿರಿ?" ಎಂದು ಕೇಳಿ ನೋಡಿ. ಅವರು ಮೀನು ತಿನ್ನುವವರಾಗಿದ್ದರೆ ಮೊದಲು ಬಾಯಿಗೆ ಬರುವ ಹೆಸರು ಬಹುಮಟ್ಟಿಗೆ ಕಾಣೆಯದೇ. ಕೆಂಪು ಮೆಣಸಿನ ಮಸಾಲೆ ಬಳಿದು, ರವೆಯಲ್ಲಿ ಹೊರಳಿಸಿ, ಕಾವಲಿಯ ತುಂಬ ಎಣ್ಣೆ ಹೊಯ್ದು ಗರಿಗರಿಯಾಗಿ ಕಾಯಿಸಿದ ಕಾಣೆ! ಅದರ ರುಚಿಯನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇಲ್ಲ. ಆದರೂ ಇದರಲ್ಲೊಂದು ವಿಚಿತ್ರ ಅಡಗಿದೆ. ಕಾಣೆಯ ಮಾಂಸದಲ್ಲಿ ಕೊಬ್ಬು ತೀರ ಕಡಿಮೆ; ಅದು ಮೃದು, ಬೇಗ ಬೇಯುವಂಥದು, ಬೇಗ ಅರಗುವಂಥದು. ಇಷ್ಟು ಹಗುರವಾದ ಮೀನಿನ ಪಾಲಿಗೇ ಅತಿ ಭಾರವಾದ ಅಡಿಗೆ ಬಂದು ಬಿದ್ದಿದೆ. ಎಣ್ಣೆಯ ಅಗತ್ಯವೇ ಇಲ್ಲದ ಮೀನು ಎಲ್ಲಕ್ಕಿಂತ ಹೆಚ್ಚು ಎಣ್ಣೆಯನ್ನು ಕುಡಿಯುತ್ತಿದೆ.

ಕಾಣೆಯನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ನೀಳವಾದ ಮೈ, ಚೂಪು ಮೂತಿ, ಮರಳಿನಲ್ಲಿ ಬೆಳ್ಳಿ ಬೆರೆಸಿದಂಥ ಬಣ್ಣ. ವಿಜ್ಞಾನಿಗಳು ಇದನ್ನು ಸಿಲಾಗೋ ಸಿಹಾಮ ಎಂದು ಕರೆಯುವರು. ಇಂಗ್ಲಿಷು ಬಲ್ಲ ಮಂಗಳೂರಿಗರಿಗೆ ಇದು ಲೇಡಿ ಫಿಶ್. ಆಳಸಮುದ್ರಕ್ಕಿಂತ ದಡದ ಮರಳು ನೆಲವೂ ನದಿ ಕಡಲನ್ನು ಸೇರುವ ಅಳಿವೆಗಳೂ ಇದಕ್ಕೆ ಪ್ರಿಯ. ಅಪಾಯದ ಸುಳಿವು ಸಿಕ್ಕೊಡನೆ ಮರಳಿನೊಳಗೆ ತೂರಿಕೊಂಡು ಮರೆಯಾಗುವ ಚತುರತೆ ಇದಕ್ಕುಂಟು. ನಡುವಿನ ಬೆನ್ನುಮೂಳೆಯನ್ನು ಹಿಡಿದು ಎಳೆದರೆ ಮಾಂಸ ಎರಡು ಬದಿಗೂ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಮಾಂಸದೊಳಗೆ ಹುದುಗಿ ಗಂಟಲಿಗೆ ಚುಚ್ಚುವ ಸಣ್ಣ ಮುಳ್ಳುಗಳ ಕಾಟ ಕಡಿಮೆ. ಆದ್ದರಿಂದಲೇ ಮಕ್ಕಳಿಗೆ ಮೊದಲ ಬಾರಿ ಮೀನು ತಿನ್ನಿಸುವಾಗ, ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ, ಹಲ್ಲು ಸಡಿಲವಾದ ಹಿರಿಯರಿಗೆ ಕರಾವಳಿಯ ಮನೆಗಳಲ್ಲಿ ಕಾಣೆಯನ್ನು ಹುಡುಕಿ ತರುವುದು.

ಮಳೆಗಾಲ ಬಂತೆಂದರೆ ಮೀನಿನ ಪೇಟೆಯ ಲೆಕ್ಕಾಚಾರವೇ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಳು ಮರಿಮಾಡುವ ಕಾಲವೆಂದು ಸರಕಾರ ಹಾಕಿರುವ ಕಟ್ಟು ಇದು; ಸಾಂಪ್ರದಾಯಿಕ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಬಂಗುಡೆ, ಬೂತಾಯಿಗಳ ರಾಶಿ ಬೀಳುತ್ತಿದ್ದ ದಕ್ಕೆ ಬರಿದಾಗುತ್ತದೆ. ಆಗ ಅಡಿಗೆಮನೆಗಳಿಗೆ ಆಧಾರವಾಗುವುದು ಅಳಿವೆ ಮತ್ತು ಹೊಳೆಯ ಮೀನು. ಕಾರವಾರದ ಕಾಳಿ, ಹೊನ್ನಾವರದ ಶರಾವತಿ, ಮಂಗಳೂರಿನ ನೇತ್ರಾವತಿ, ಇವುಗಳ ಬಾಯಲ್ಲಿ ಬೀಸುಬಲೆ ಹಿಡಿದು ನಿಂತವರ ಪಾಲಿಗೆ ಇತರ ಮೀನುಗಳ ಜೊತೆಗೆ ಕಾಣೆಯೂ ಬೀಳುವುದುಂಟು. ಕುಮಟೆಯ ಬಳಿಯ ಅಘನಾಶಿನಿ ಅಳಿವೆಯಂತೂ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿ, ಜಗತ್ತಿನ ಮಹತ್ವದ ಜೌಗುಭೂಮಿಗಳಲ್ಲಿ ಒಂದೆನಿಸಿದೆ. ಸಿಹಿನೀರೂ ಉಪ್ಪುನೀರೂ ಕೂಡುವ ಇಂಥ ತಾಣಗಳೇ ಎಷ್ಟೋ ಮೀನುಮರಿಗಳ ತೊಟ್ಟಿಲು.

ಮೀನು ಕಡಿಮೆಯಾದ ಆ ಎರಡು ತಿಂಗಳಲ್ಲೇ ಹಿತ್ತಲು ತುಂಬಿಕೊಳ್ಳುವುದು ಎಷ್ಟು ಸಮಯೋಚಿತ! ಬೇಸಿಗೆಯಲ್ಲಿ ಕೊಯ್ದು ಬಾಳೆಯ ನಾರಿನಿಂದ ಕಟ್ಟಿ ಜಂತಿಗೆ ತೂಗುಬಿಟ್ಟ ಹಳದಿ ಸೌತೆಕಾಯಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಇದು ಕೋಸಂಬರಿಯ ಎಳೆಸೌತೆಯಲ್ಲ. ಸಾಂಬಾರಿಗೆ ಹಾಕುವ, ತಿಂಗಳುಗಟ್ಟಲೆ ಕೆಡದೆ ಉಳಿಯುವ ಮಂಗಳೂರು ಸೌತೆ. ಚಪ್ಪರದ ಮೇಲೆ ಬಸಳೆ ಹಬ್ಬಿ ತುದಿ ಕೊಂಕಿಸುತ್ತದೆ. ಹೀರೆಯ ಬಳ್ಳಿ ಬೇಲಿ ಏರುತ್ತದೆ. ಅಂಬಟೆಯ ಮರದಲ್ಲಿ ಎಳೆಗಾಯಿ, ಬಾವಿಕಟ್ಟೆಯ ಪಕ್ಕದ ಬಿಂಬುಳಿಯ ಕಾಂಡಕ್ಕೇ ಅಂಟಿಕೊಂಡ ಹಸುರು ಗೊಂಚಲು. ಪೇಟೆಯಲ್ಲಿ ದುಡ್ಡು ಕೊಟ್ಟು ತರಬೇಕಾದ ಮೀನು ನಾಲ್ಕೇ ಆದರೂ, ಸಾರಿನ ಮಡಕೆ ತುಂಬಿಸುವುದಕ್ಕೆ ಹಿತ್ತಲಿನ ಸಹಾಯ ಧಾರಾಳ.

ಮೀನಿನೊಡನೆ ತರಕಾರಿ ಬೇಯಿಸುವುದು ಪರದೇಶದ ಅಡಿಗೆ ಪುಸ್ತಕದಿಂದ ಬಂದ ಹೊಸ ಪಾಠವೆಂದು ಕೆಲವರು ತಿಳಿದಿದ್ದಾರೆ. ಕರಾವಳಿಯ ಅಜ್ಜಿಯರು ಕೇಳಿದರೆ ನಕ್ಕಾರು. ಒಣಸಿಗಡಿ ಹಾಕಿದ ಸೌತೆಕಾಯಿಯ ಪದಾರ್ಥ, ಸಿಗಡಿ ಬೆರೆಸಿದ ಬಸಳೆಯ ಗಸಿ, ನುಗ್ಗೆಕಾಯಿಯೊಡನೆ ಸಿಗಡಿ, ಮಾವಿನಕಾಯಿಯ ಹೋಳು ಬಿದ್ದ ಮೀನುಸಾರು, ಇವೆಲ್ಲ ಅಲ್ಲಿ ತಲೆಮಾರುಗಳಿಂದ ನಡೆದುಬಂದವು. ದೂರದ ಬಂಗಾಳದಲ್ಲೂ ಪಡವಲ ಜಾತಿಯ ಕಾಯಿ, ಹಸಿ ಬಾಳೆಕಾಯಿ, ಆಲೂಗಡ್ಡೆಗಳನ್ನು ಹಾಕಿ ತೆಳ್ಳಗೆ ಮಾಡುವ ಮೀನಿನ 'ಝೋಲ್' ಕಾಯಿಲೆಯಿಂದ ಎದ್ದವರ ಮೊದಲ ಊಟ. ಹೊಟೇಲಿನ ಕಾವಲಿ ಇಂಥ ಅಡಿಗೆಗಳನ್ನು ಹಿಂದಕ್ಕೆ ಸರಿಸಿತು, ಅಷ್ಟೆ. ಮನೆಯ ಸಾರು ತಟ್ಟೆಯ ಮೇಲೆ ಚೆಂದವಾಗಿ ಕಾಣುವುದಿಲ್ಲ ನೋಡಿ!

ಈ ಸಣ್ಣ ಬದಲಾವಣೆಯಿಂದ ಒಂದು ಸಂಸಾರದಲ್ಲಿ ಎಂಥ ಇಕ್ಕಟ್ಟು ಉಂಟಾಗಬಹುದೆಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮಂಗಳೂರಿನ ಒಂದು ಮನೆ ಎಂದು ಇಟ್ಟುಕೊಳ್ಳೋಣ. ಎಪ್ಪತ್ತು ದಾಟಿದ ಮಾವನವರು ಹೃದಯದ ತೊಂದರೆಯಿಂದ ಆಸ್ಪತ್ರೆಗೆ ಸೇರಿ, ಹತ್ತು ದಿನ ಕಳೆದು ಹಿಂದಿರುಗಿದ್ದಾರೆ. "ಕರಿದದ್ದು, ಜಿಡ್ಡು ಬೇಡ, ಉಪ್ಪು ಕಡಿಮೆ" ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಆ ಮನೆಯಲ್ಲಿ ಮೀನು ಎಂದರೆ ಕಾಯಿಸಿದ ಮೀನು, ಇಲ್ಲವೆ ಒಂದು ಇಡೀ ತೆಂಗಿನಕಾಯಿ ಅರೆದು ಮಾಡಿದ ಗಟ್ಟಿ ಗಸಿ. ಆದುದರಿಂದ ಕರ್ತವ್ಯನಿಷ್ಠಳಾದ ಸೊಸೆ ಮಾಡಿದ್ದೇನು? ಮೀನನ್ನೇ ನಿಲ್ಲಿಸಿಬಿಟ್ಟಳು. ಹಿರಿಯರಿಗೆ ಎರಡು ಹೊತ್ತೂ ಗಂಜಿ, ಬೇಯಿಸಿದ ಸೋರೆಕಾಯಿ. ಉಳಿದವರಿಗೆ ಮೀನು ಕಾಯಿಸಿದರೆ ವಾಸನೆ ಮಾವನವರ ಕೋಣೆಗೆ ಹೋಗುತ್ತದೆಂಬ ಸಂಕೋಚ. ಹೀಗಾಗಿ ಮಕ್ಕಳಿಗೂ ಇಲ್ಲ, ಗಂಡನಿಗೂ ಇಲ್ಲ.

ಮಾವನವರು ಒಂದು ಮಾತೂ ಆಡಲಿಲ್ಲ. ಆದರೆ ಗಂಜಿಯ ಬಟ್ಟಲು ದಿನದಿಂದ ದಿನಕ್ಕೆ ಹೆಚ್ಚು ಉಳಿದು ಅಡಿಗೆಮನೆಗೆ ಮರಳತೊಡಗಿತು. ಮೂರು ವಾರಗಳಲ್ಲಿ ಅಂಗಿಯ ತೋಳುಗಳು ಸಡಿಲವಾದವು. ಬೀದಿಯಲ್ಲಿ ಮೀನಿನ ಬುಟ್ಟಿಯವಳ ಕೂಗು ಕೇಳಿದಾಗ ಮಾತ್ರ ಜಗಲಿಯಿಂದ, "ಇವತ್ತು ಏನು ಬಂದಿದೆಯಂತೆ?" ಎಂಬ ಒಂದು ಪ್ರಶ್ನೆ. ಉತ್ತರಕ್ಕಾಗಿ ಕಾದವರಂತೆ ಕಾಣುತ್ತಿರಲಿಲ್ಲ.

ಕುಂದಾಪುರದಿಂದ ಅವರ ತಂಗಿ ಅಣ್ಣನನ್ನು ನೋಡಲು ಬಂದವರು ಎರಡೇ ದಿನದಲ್ಲಿ ವಿಷಯವನ್ನು ಅರ್ಥ ಮಾಡಿಕೊಂಡರು. ಸೊಸೆಯನ್ನು ಹತ್ತಿರ ಕರೆದು ಕೇಳಿದರು: "ಅಲ್ಲ ಮಗಾ, ಡಾಕ್ಟರು ಮೀನು ಬೇಡ ಅಂದದ್ದೋ, ಎಣ್ಣೆ ಬೇಡ ಅಂದದ್ದೋ?"

ಸೊಸೆ ಚೀಟಿ ತೆಗೆದು ನೋಡಿದಳು. ಮೀನಿನ ಹೆಸರೇ ಅದರಲ್ಲಿ ಇರಲಿಲ್ಲ. "ಎಣ್ಣೆ ಅತ್ತೆ," ಎಂದಳು, ಸಣ್ಣ ದನಿಯಲ್ಲಿ.

"ಹಾಗಾದರೆ ನಾಳೆ ನಾಲ್ಕು ಕಾಣೆ ತರಿಸು. ಒಂದು ಹೀರೆಕಾಯಿಯೂ ಇರಲಿ."

ಇಂಥ ಗೊಂದಲ ಒಂದು ಮನೆಯದಲ್ಲ. ಪಥ್ಯವೆಂದರೆ ರುಚಿಯನ್ನೆಲ್ಲ ಕಿತ್ತುಹಾಕುವುದು ಎಂಬ ಭಾವನೆ ವಿದ್ಯಾವಂತರಲ್ಲೂ ಬೇರೂರಿದೆ. ವಯಸ್ಸಾದವರ ವಿಷಯದಲ್ಲಿ ಇದು ಅಪಾಯಕಾರಿ. ಮುಪ್ಪಿನಲ್ಲಿ ಮೈಯ ಮಾಂಸಖಂಡಗಳು ತಾವಾಗಿಯೇ ಕರಗುತ್ತವೆ; ಸಾಕಷ್ಟು ಪ್ರೋಟೀನು ಸಿಗದಿದ್ದರೆ ಆ ನಷ್ಟ ಇನ್ನೂ ವೇಗವಾಗುತ್ತದೆ. ಹಾಸಿಗೆ ಹಿಡಿದು ಎದ್ದವರಿಗಂತೂ ನಾಲ್ಕು ಹೆಜ್ಜೆ ನಡೆಯುವ ಶಕ್ತಿ ಮರಳುವುದು ಇದರ ಮೇಲೆಯೇ ನಿಂತಿದೆ. ಮೀನನ್ನು ತಿಂದು ಬೆಳೆದವರಿಗೆ ಮೀನಿಗಿಂತ ಸುಲಭವಾದ ಪ್ರೋಟೀನು ಬೇರೆಲ್ಲಿ ಹುಡುಕುವುದು? ಮೀನು ತಿನ್ನದ ಮನೆಗಳಿಗೆ ಬೇಳೆಕಾಳುಗಳೂ ಹಾಲು ಮೊಸರೂ ಇವೆ. ಅವರಿಗೆ ಈ ಪುಟದ ಹೀರೆ-ಸೌತೆಗಳ ಭಾಗ ಮಾತ್ರ ಉಪಯೋಗಕ್ಕೆ ಬಂದೀತು.

ಇನ್ನು ಅಡಿಗೆಯ ಮರ್ಮ. ನೆಲದ ಮೇಲೆ ಓಡಾಡುವ ಪ್ರಾಣಿಗಳ ಮಾಂಸಕ್ಕೂ ಮೀನಿನ ಮಾಂಸಕ್ಕೂ ದೊಡ್ಡ ಅಂತರವಿದೆ. ನೀರು ಮೀನಿನ ಭಾರವನ್ನು ಹೊರುವುದರಿಂದ ಅದರ ಮೈಗೆ ಗಟ್ಟಿಯಾದ ಕಟ್ಟುನಾರುಗಳು ಬೇಕಾಗಿಲ್ಲ. ಅದರ ಮಾಂಸದ ಎಳೆಗಳು ಚಿಕ್ಕವು. ಅವುಗಳನ್ನು ಹಿಡಿದಿಟ್ಟಿರುವ ಪೊರೆ ತೆಳುವಾದುದು, ಸ್ವಲ್ಪ ಬಿಸಿಗೇ ಕರಗುವಂಥದು. ಆದುದರಿಂದ ನೀರು ಕುದಿಯುವ ಮಟ್ಟಕ್ಕೆ ಬರುವುದಕ್ಕೆ ಬಹಳ ಮುಂಚೆ, 60 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ, ಗಾಜಿನಂತಿದ್ದ ಮಾಂಸ ಬೆಳ್ಳಗಾಗಿ ಪದರಪದರವಾಗಿ ಬಿಡತೊಡಗುತ್ತದೆ. ಅದನ್ನು ಮತ್ತೂ ಕುದಿಸಿದರೆ ಒಳಗಿನ ರಸವೆಲ್ಲ ಹೊರಬಂದು ಹತ್ತಿಯಂತೆ ಒಣಗುತ್ತದೆ, ಇಲ್ಲವೆ ಒಡೆದು ಸಾರಿನಲ್ಲಿ ಪುಡಿಯಾಗುತ್ತದೆ. ಹೀಗೆ ರಸ ಕಳೆದುಕೊಂಡ ಮೀನನ್ನು ರುಚಿಗೊಳಿಸಲೆಂದೇ ಆಮೇಲೆ ಎಣ್ಣೆ, ಖಾರ, ಗಟ್ಟಿ ಮಸಾಲೆಗಳ ಮೊರೆ ಹೋಗುವುದು.

ತರಕಾರಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಸೌತೆಕಾಯಿಯ ಹೋಳಿಗೂ ಬಸಳೆಯ ದಂಟಿಗೂ ಸಾವಕಾಶವಾಗಿ ಬೇಯಲು ಕಾಲ ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದು ಕೆಟ್ಟೇ ಕೆಡುತ್ತದೆ. ಕಾಯಿಪಲ್ಯಕ್ಕೆ ಬೇಕಾದಷ್ಟು ಹೊತ್ತು ಕೊಟ್ಟು, ಮೀನಿಗೆ ಕೊನೆಯ ಐದಾರು ನಿಮಿಷ ಮಾತ್ರ ಬಿಟ್ಟುಕೊಡುವುದು, ಈ ಅಡಿಗೆಯಲ್ಲಿ ಕಲಿಯಬೇಕಾದ ವಿದ್ಯೆ ಇಷ್ಟೇ. ಉಳಿದುದೆಲ್ಲ ಕೈಗುಣ.

ನಾಲ್ಕು ಜನರ ಊಟಕ್ಕೆ ನಡು ಗಾತ್ರದ ಕಾಣೆ ಎಂಟು, ಎಂದರೆ ಸುಮಾರು ಅರ್ಧ ಕಿಲೋ, ಸಾಕು. ತಲೆ ಬೇಕೋ ಬೇಡವೋ ಎಂಬುದು ಆಯಾ ಮನೆಯ ಪದ್ಧತಿ. ಇಟ್ಟುಕೊಂಡರೆ ಸಾರಿಗೆ ಸ್ವಾದ ಹೆಚ್ಚು, ಆದರೆ ಕಿವಿರುಗಳನ್ನು ಪೂರ್ತಿ ತೆಗೆದಿರಬೇಕು. ಹೊಪ್ಪಳೆ ಹೆರೆದು, ಹೊಟ್ಟೆ ಚೊಕ್ಕಟ ಮಾಡಿ ತೊಳೆದ ಮೇಲೆ, ಚಿಟಿಕೆ ಅರಸಿನ ಮತ್ತು ಸ್ವಲ್ಪ ಉಪ್ಪು ಸವರಿ ಹತ್ತು ನಿಮಿಷ ಇಟ್ಟರೆ ಮಾಂಸ ತುಸು ಬಿಗಿಯಾಗುತ್ತದೆ. ಲಿಂಬೆರಸ ಹಿಂಡಿ ಗಂಟೆಗಟ್ಟಲೆ ಇಡುವವರಿದ್ದಾರೆ, ಅದು ಬೇಡ. ಹುಳಿಯಲ್ಲಿಯೇ ಮೀನು ಅರೆಬೆಂದಂತಾಗಿ ಮೇಲ್ಮೈ ಸುಣ್ಣದಂತಾಗುತ್ತದೆ.

ಕಾಯಿಪಲ್ಯದಲ್ಲಿ ಸಿಪ್ಪೆ ಸಹಿತ ದಪ್ಪ ಹೋಳು ಮಾಡಿದ ಮಂಗಳೂರು ಸೌತೆ ಕಾಲು ಕಿಲೋ. ಹೆಚ್ಚುವಾಗ ಒಂದು ಚೂರನ್ನು ಬಾಯಿಗೆ ಹಾಕಿ ನೋಡುವುದನ್ನು ಮರೆಯಕೂಡದು. ಹತ್ತರಲ್ಲೊಂದು ಕಹಿ ಇದ್ದು ಇಡೀ ಮಡಕೆಯನ್ನು ಕೆಡಿಸಬಲ್ಲದು. ಎಳೆಯ ಹೀರೆಕಾಯಿ ಒಂದು, ಏಣುಗಳನ್ನು ಹೆರೆದು ಗಾಲಿಯಾಗಿ ಹೆಚ್ಚಿದ್ದು. (ಹೆರೆದ ಸಿಪ್ಪೆಯನ್ನು ಎಸೆಯುವುದುಂಟೆ? ಮರುದಿನದ ಚಟ್ನಿಗೆ ಅದು ಮೀಸಲು.) ಬಸಳೆಯ ಎಳೆ ದಂಟು ಮತ್ತು ಎಲೆ ಒಂದು ಹಿಡಿ, ದಂಟು ಬೇರೆ, ಎಲೆ ಬೇರೆಯಾಗಿ. ಸಣ್ಣ ಈರುಳ್ಳಿ ಎಂಟು, ಬೆಳ್ಳುಳ್ಳಿ ನಾಲ್ಕು ಎಸಳು, ಅಂಗುಲದಷ್ಟು ಶುಂಠಿ, ಹಸಿಮೆಣಸು ಎರಡು, ಕರಾವಳಿಯವರು ಒಳ್ಳೆಮೆಣಸು ಎನ್ನುವ ಕರಿಮೆಣಸು ಅರ್ಧ ಚಮಚ, ಜಜ್ಜಿದ್ದು. ಹುಳಿಗೆ ಬಿಂಬುಳಿ ನಾಲ್ಕು, ಉದ್ದಕ್ಕೆ ಸೀಳಿದ್ದು; ಸಿಗದಿದ್ದರೆ ಎರಡು ಎಳೆ ಅಂಬಟೆ ಅಥವಾ ಗೋಲಿಯಷ್ಟು ಹುಣಿಸೆ.

ಮಣ್ಣಿನ ಮಡಕೆ ಇದ್ದರೆ ಅದಕ್ಕಿಂತ ಮೇಲಾದ ಪಾತ್ರೆ ಇಲ್ಲ. ಹುಳಿ ಹಾಕಿದರೂ ಅದಕ್ಕೆ ಏನೂ ಆಗುವುದಿಲ್ಲ, ಒಲೆಯಿಂದ ಇಳಿಸಿದ ಮೇಲೂ ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಇಲ್ಲದಿದ್ದರೆ ಅಗಲ ಬಾಯಿಯ ಸ್ಟೀಲು ಪಾತ್ರೆಯಾದೀತು. ಅಲ್ಯುಮಿನಿಯಂ ಪಾತ್ರೆಗೆ ಹುಳಿಯ ಸಹವಾಸ ಬೇಡ. ಮೂರು ಬಟ್ಟಲು ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಕಾಲು ಚಮಚ ಅರಸಿನ ಹಾಕಿ ಕುದಿಯಲಿಡಬೇಕು. ಕುದಿ ಬಂದೊಡನೆ ಸೌತೆಯ ಹೋಳು, ಬಸಳೆಯ ದಂಟು. ಮುಚ್ಚಳ ಹಾಕಿ ಹತ್ತು ಹನ್ನೆರಡು ನಿಮಿಷ ಬೆಂದಮೇಲೆ ಹೋಳಿಗೆ ಚಮಚದ ತುದಿ ಸುಲಭವಾಗಿ ಇಳಿಯುತ್ತದೆ. ಆಗ ಹೀರೆಕಾಯಿ ಹಾಕಬೇಕು, ನಾಲ್ಕು ನಿಮಿಷ. ಹುಳಿ ಬರಬೇಕಾದುದು ಇದರ ನಂತರವೇ. ಅನೇಕರು ಎಲ್ಲದರ ಜೊತೆ ಮೊದಲೇ ಹುಳಿಯನ್ನು ಹಾಕಿ, "ಈ ಸೌತೆ ಬೇಯುವುದೇ ಇಲ್ಲ" ಎಂದು ತರಕಾರಿಯವನನ್ನು ಬಯ್ಯುತ್ತಾರೆ. ತಪ್ಪು ತರಕಾರಿಯವನದಲ್ಲ. ಹುಳಿನೀರಿನಲ್ಲಿ ಕಾಯಿಪಲ್ಯದ ನಾರು ಬೇಗ ಮೆತ್ತಗಾಗುವುದಿಲ್ಲ. ಸೊಪ್ಪಿನ ಹಸುರೂ ಮಂಕಾಗುತ್ತದೆ.

ಬಿಂಬುಳಿ ಎರಡು ನಿಮಿಷ ಕುದಿದು ಬಣ್ಣ ಬದಲಾಯಿಸಿದಾಗ ಉರಿಯನ್ನು ತಗ್ಗಿಸಬೇಕು. ಸಾರು ದಬದಬನೆ ಕುದಿಯುತ್ತಿರಬಾರದು. ಅಂಚಿನಲ್ಲಿ ಒಂದೊಂದು ಗುಳ್ಳೆ ಏಳುತ್ತಿದ್ದರೆ ಸರಿ. ಬಸಳೆಯ ಎಲೆಗಳನ್ನು ಹರಡಿ, ಅವುಗಳ ಮೇಲೆ ಕಾಣೆಗಳನ್ನು ಒಂದರ ಮೇಲೊಂದು ಬೀಳದಂತೆ ಒಂದೇ ಸಾಲಿನಲ್ಲಿ ಮಲಗಿಸಬೇಕು. ಎಲೆಗಳ ಹಾಸು ಇರುವುದರಿಂದ ಮೀನು ತಳಕ್ಕೆ ಅಂಟುವುದಿಲ್ಲ. ಸಾರು ಮೀನಿನ ಬೆನ್ನನ್ನು ಮುಟ್ಟುವಷ್ಟಿದ್ದರಾಯಿತು, ಮುಳುಗಬೇಕಾದುದಿಲ್ಲ. ಮುಚ್ಚಳದೊಳಗಿನ ಹಬೆ ಮೇಲ್ಭಾಗವನ್ನು ನೋಡಿಕೊಳ್ಳುತ್ತದೆ. ಬೆರಳು ಗಾತ್ರದ ಕಾಣೆಗೆ ನಾಲ್ಕೈದು ನಿಮಿಷ, ಎರಡು ಬೆರಳು ದಪ್ಪದ್ದಕ್ಕೆ ಆರು. ಸೌಟು ಹಾಕುವುದು ಸರ್ವಥಾ ನಿಷಿದ್ಧ! ಕರಾವಳಿಯ ಹೆಂಗಸರು ಮಡಕೆಯ ಎರಡು ಕಡೆ ಬಟ್ಟೆಯಿಂದ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ಸಾರು ಸುತ್ತುತ್ತದೆ, ಮೀನು ಒಡೆಯುವುದಿಲ್ಲ. ಬೆನ್ನಿನ ಬಳಿ ಚಾಕುವಿನ ತುದಿಯಿಂದ ಮೆಲ್ಲಗೆ ಎತ್ತಿದಾಗ ಮಾಂಸ ಮೂಳೆಯನ್ನು ಬಿಟ್ಟು ಬಂದರೆ, ಒಳಗೆ ಗಾಜಿನ ಹೊಳಪು ಉಳಿದಿರದಿದ್ದರೆ, ಬೆಂದಿತು. ಜಜ್ಜಿದ ಮೆಣಸು ಮತ್ತು ಕೊತ್ತಂಬರಿ ಸೊಪ್ಪು ಉದುರಿಸಿ ಇಳಿಸಬಹುದು.

ಇಲ್ಲಿಯವರೆಗೆ ಎಣ್ಣೆಯ ಹೆಸರೇ ಬರಲಿಲ್ಲವೆಂಬುದನ್ನು ಜಾಣ ಗೃಹಿಣಿಯರು ಗಮನಿಸಿರಬಹುದು. ಪಥ್ಯದವರ ಪಾಲನ್ನು, ಎಂದರೆ ಎರಡು ಮೀನು ಮತ್ತು ಒಂದು ಬಟ್ಟಲು ಕಾಯಿಪಲ್ಯ ಸಹಿತ ಸಾರನ್ನು, ಈ ಹಂತದಲ್ಲಿಯೇ ಬೇರೆ ತೆಗೆದಿಡಬೇಕು. ಉಳಿದವರ ಪಾಲಿಗೆ ಅರ್ಧ ಕಾಯಿಯಿಂದ ಹಿಂಡಿದ ಎರಡನೆಯ ತೆಳುಹಾಲು ಒಂದು ಬಟ್ಟಲು ಸೇರಿಸಿ, ಕುದಿ ಬರುವ ಮುನ್ನ ಇಳಿಸಿದರೆ ಮಕ್ಕಳಿಗೂ ಪ್ರಿಯವಾಗುತ್ತದೆ. ಜೋರಾಗಿ ಕುದಿಸಿದರೆ ಹಾಲು ಒಡೆದು ಎಣ್ಣೆ ತೇಲುವುದು. ಒಗ್ಗರಣೆಯ ಚಪಲವಿದ್ದವರು ಒಂದು ಚಮಚ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ, ಕರಿಬೇವು ಹುರಿದು ಈ ಪಾಲಿಗೆ ಮಾತ್ರ ಕೊಡಬಹುದು. ಒಂದೇ ಮಡಕೆಯಿಂದ ಎರಡು ರುಚಿ. ಸೊಸೆಗೆ ಎರಡೆರಡು ಅಡಿಗೆಯ ಶ್ರಮವಿಲ್ಲ, ಹಿರಿಯರಿಗೆ ತಾವೊಬ್ಬರೇ ಬೇರೆ ಉಣ್ಣುತ್ತಿದ್ದೇವೆಂಬ ಕೊರಗಿಲ್ಲ. ಈ ಎರಡನೆಯ ಲಾಭವನ್ನು ಯಾವ ಪಥ್ಯದ ಚೀಟಿಯಲ್ಲೂ ಬರೆದಿರುವುದಿಲ್ಲ. ಆದರೆ ಉಳಿದುಬರುತ್ತಿದ್ದ ಗಂಜಿಯ ಬಟ್ಟಲು ಬರಿದಾಗಲು ಅನೇಕ ಸಲ ಇದೇ ಕಾರಣ.

ಉಪ್ಪಿನ ವಿಷಯ ಬೇರೆ ಹೇಳಬೇಕು. ದಿನವೊಂದಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸರಿಸುಮಾರು ಒಂದು ಚಹದ ಚಮಚ, ದಿನದ ಎಲ್ಲ ಊಟ ತಿಂಡಿಗಳೂ ಸೇರಿ! ಮೇಲಿನ ಸಾರಿಗೆ ಮೀನಿಗೆ ಸವರಿದ್ದೂ ಸೇರಿದಂತೆ ಒಂದು ಚಮಚ ಹಾಕಿದರೆ ನಾಲ್ವರಿಗೆ ಹಂಚಿಹೋಗುತ್ತದೆ. ಹುಳಿ, ಶುಂಠಿ, ಮೆಣಸು ಮೂರೂ ಇರುವುದರಿಂದ ನಾಲಗೆ ಉಪ್ಪಿನ ಕೊರತೆಯನ್ನು ಅಷ್ಟಾಗಿ ಎತ್ತಿ ಆಡುವುದಿಲ್ಲ. ಒಣಮೀನು, ಒಣಸಿಗಡಿಗಳನ್ನು ಇದಕ್ಕೆ ಸೇರಿಸಿ ರುಚಿ ಹೆಚ್ಚಿಸುವ ಯೋಚನೆ ಬಂದರೆ ಪಥ್ಯದವರ ಮಟ್ಟಿಗೆ ಅದನ್ನು ತಡೆಯುವುದೇ ಲೇಸು. ಅವುಗಳ ಮೈಯೆಲ್ಲ ಉಪ್ಪು.

ಹುಳಿಯನ್ನು ಮೀನಿಗೆ ಏಕೆ ಬೆರೆಸುತ್ತಾರೆಂಬುದಕ್ಕೆ ರುಚಿಯ ಹೊರತಾಗಿ ಮತ್ತೊಂದು ಕಾರಣವುಂಟು. ಕಡಲಿನ ಮೀನಿನ ಮಾಂಸದಲ್ಲಿರುವ ಒಂದು ಸಹಜ ದ್ರವ್ಯ, ಮೀನು ಸತ್ತ ಮೇಲೆ ಸೂಕ್ಷ್ಮಜೀವಿಗಳಿಂದ ಮಾರ್ಪಟ್ಟು ಟ್ರೈಮಿಥೈಲಮೀನ್ ಆಗುತ್ತದೆ. ಮೀನಿನ ವಾಸನೆ ಎಂದು ಮೂಗು ಮುಚ್ಚಿಕೊಳ್ಳುವುದು ಇದನ್ನೇ. ಹುಳಿ ಇದನ್ನು ಹಿಡಿದುಹಾಕಿ ಗಾಳಿಗೆ ಏರದಂತೆ ಮಾಡುತ್ತದೆ. ಆದರೆ ಹುಳಿಯಿಂದ ವಾಸನೆ ಅಡಗೀತೇ ಹೊರತು ಹಳೆಯ ಮೀನು ಹೊಸದಾಗದು. ತಿಳಿಸಾರಿನಲ್ಲಂತೂ ಹಳೆಯ ಮೀನು ಒಡನೆಯೇ ಸಿಕ್ಕಿಬೀಳುತ್ತದೆ. ಬಚ್ಚಿಟ್ಟುಕೊಳ್ಳಲು ಅದಕ್ಕೆ ಮಸಾಲೆಯ ಮರೆ ಇಲ್ಲ.

ಹೀಗಾಗಿ ಕೊಳ್ಳುವಾಗಲೇ ಕಣ್ಣು ಚುರುಕಾಗಿರಬೇಕು. ಮೀನಿನ ಕಣ್ಣು ಉಬ್ಬಿ ತಿಳಿಯಾಗಿದ್ದರೆ ಹೊಸದು, ಗುಳಿಬಿದ್ದು ಮಸುಕಾಗಿದ್ದರೆ ಹಳೆಯದು. ಕಿವಿರೆತ್ತಿ ನೋಡಿದರೆ ಕೆಂಪಾಗಿರಬೇಕು, ಕಂದು ಲೋಳೆ ಕೂಡದು. ಬೆರಳಿನಿಂದ ಒತ್ತಿದ ಗುಳಿ ತಾನಾಗಿ ಮೇಲೇಳಬೇಕು. ಕಾಣೆಯಲ್ಲಿ ವಿಶೇಷವಾಗಿ ಹೊಟ್ಟೆಯ ಭಾಗವನ್ನು ನೋಡುವುದು ಒಳ್ಳೆಯದು. ಅಲ್ಲಿ ಮಾಂಸ ತೆಳುವಾದುದರಿಂದ ಕೆಡುವುದು ಅಲ್ಲಿಂದಲೇ, ಹೊಟ್ಟೆ ಒಡೆದಿದ್ದರೆ ಮುಂದಿನ ಬುಟ್ಟಿಗೆ ಹೋಗಬೇಕು. ಮೀನಿನವಳು, "ಈಗ ಬಂದದ್ದು ಅಮ್ಮ, ನೋಡಿ, ಇನ್ನೂ ಕಣ್ಣು ಬಿಡ್ತಾ ಉಂಟು," ಎಂದು ನಗಿಸಿದರೂ ಮುಟ್ಟಿ ನೋಡುವ ಹಕ್ಕನ್ನು ಬಿಟ್ಟುಕೊಡಬಾರದು. ಅವಳಾದರೂ ಕೇಳುವವರಿಗೇ ಒಳ್ಳೆಯದನ್ನು ಆರಿಸಿಕೊಡುವುದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿರುವವರಿಗೆ ಕಡಲಿನ ಮೀನು ಮಂಜುಗಡ್ಡೆಯ ನಡುವೆ ರಾತ್ರಿಯೆಲ್ಲ ಪ್ರಯಾಣ ಮಾಡಿ ಬರುವುದು. ಚೆನ್ನಾಗಿ ಮಂಜಿನಲ್ಲಿಟ್ಟು ತಂದುದಾದರೆ ಚಿಂತೆಯಿಲ್ಲ. ಮನೆಗೆ ತಂದು ಹೆಪ್ಪುಗಟ್ಟಿಸಿಟ್ಟದ್ದನ್ನು ಅಡಿಗೆಕಟ್ಟೆಯ ಮೇಲೆ ಕರಗಿಸುವ ಬದಲು ಹಿಂದಿನ ರಾತ್ರಿಯೇ ರೆಫ್ರಿಜರೇಟರಿನ ಕೆಳತಟ್ಟಿಗೆ ಇಳಿಸಿಡತಕ್ಕದ್ದು. ಕಾಣೆ ಸಿಗದ ದಿನ ಕೆರೆ ಮತ್ತು ಜಲಾಶಯಗಳ ರೋಹು, ಕಾಟ್ಲಾಗಳಿಂದಲೂ ಇದೇ ತಿಳಿಸಾರನ್ನು ಮಾಡಬಹುದು. ದಪ್ಪ ತುಂಡುಗಳಾದುದರಿಂದ ಎಂಟು ನಿಮಿಷ ಬೇಕಾದೀತು; ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುವುದರಿಂದ ಮಕ್ಕಳಿಗೆ ಬಿಡಿಸಿ ಕೊಡಬೇಕು. ಬಿಂಬುಳಿಗೆ ಬದಲು ಟೊಮೇಟೊ, ಮಂಗಳೂರು ಸೌತೆಗೆ ಬದಲು ಎಳೆಯ ಸೋರೆಕಾಯಿ, ಬಸಳೆಗೆ ಬದಲು ದಂಟಿನ ಸೊಪ್ಪು. ಬೇಸಿಗೆಯಲ್ಲಾದರೆ ಹುಳಿಗೆ ಮಾವಿನಕಾಯಿ, ಜೊತೆಗೆ ನುಗ್ಗೆಕಾಯಿ. ಬಂಗುಡೆ, ಬೂತಾಯಿ ಮತ್ತೆ ಅಗ್ಗವಾದಾಗ ಅವನ್ನೂ ಇದೇ ರೀತಿ ಬೇಯಿಸಬಹುದು. ಅವುಗಳಲ್ಲಿ ಕೊಬ್ಬು ಹೆಚ್ಚಾದರೂ ಅದು ಒಮೇಗಾ-3 ಎಂಬ, ಹೃದಯಕ್ಕೆ ಹಿತವೆನಿಸಿದ ಬಗೆಯದು. ಕಾಣೆಯಲ್ಲಿ ಅದರ ಅಂಶ ಕಡಿಮೆ ಎಂಬುದನ್ನೂ ಮುಚ್ಚಿಡಬೇಕಾದುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ. ಬಿಂಬುಳಿಯಲ್ಲಿ ಆಕ್ಸಲೇಟ್ ಎಂಬ ಅಂಶ ಬಹಳ. ಕೊಲೆಸ್ಟರಾಲು ಇಳಿಯುತ್ತದೆಂಬ ನಂಬಿಕೆಯಿಂದ ಅದರ ರಸವನ್ನು ಲೋಟಗಟ್ಟಲೆ ಕುಡಿದವರ ಮೂತ್ರಪಿಂಡಗಳು ಕೆಟ್ಟ ಪ್ರಸಂಗಗಳನ್ನು ಕೇರಳದ ವೈದ್ಯರು 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಸಾರಿಗೆ ಹಾಕುವ ನಾಲ್ಕು ಕಾಯಿ ಆರೋಗ್ಯವಂತರಿಗೆ ಏನೂ ಮಾಡದು. ಆದರೆ ಮೂತ್ರಪಿಂಡದ ತೊಂದರೆಯೋ ಕಲ್ಲಿನ ಬಾಧೆಯೋ ಇದ್ದವರಿಗೆ ಬಿಂಬುಳಿಯೂ ಬೇಡ, ಆಕ್ಸಲೇಟ್ ಇರುವ ಬಸಳೆಯೂ ಬೇಡ. ಹೀರೆಕಾಯಿ ಹಾಕಿ, ಕೊನೆಯಲ್ಲಿ ಲಿಂಬೆರಸ ಹಿಂಡಿದರೆ ಸಾಕು. ಮೀನನ್ನು ಎಷ್ಟು ಕೊಡಬೇಕೆಂಬುದನ್ನೂ ಅಂಥವರು ತಮ್ಮ ವೈದ್ಯರನ್ನೇ ಕೇಳಬೇಕು, ಅತ್ತೆಯನ್ನಲ್ಲ.

ಜೊತೆಗೆ ಕುಚ್ಚಲಕ್ಕಿಯ ಅನ್ನ ಅಥವಾ ಬಿಸಿ ಗಂಜಿ. ಹಪ್ಪಳ, ಉಪ್ಪಿನಕಾಯಿಗಳನ್ನು ತಟ್ಟೆಗೆ ತಂದರೆ ಕಳೆದ ಎಣ್ಣೆ ಉಪ್ಪುಗಳೆಲ್ಲ ಹಿಂಬಾಗಿಲಿನಿಂದ ಬಂದಂತಾಗುತ್ತದೆ.

ಪುಳಿಮುಂಚಿಯಂಥ ಖಾರದ ಮೀನುಸಾರು ಮರುದಿನಕ್ಕೆ ರುಚಿ ಹೆಚ್ಚಿಸಿಕೊಳ್ಳುವುದು ಪ್ರಸಿದ್ಧ. ಈ ತಿಳಿಸಾರಿಗೆ ಆ ಗುಣವಿಲ್ಲ. ಮತ್ತೆ ಬಿಸಿ ಮಾಡಿದರೆ ಕಾಣೆ ಒಡೆದು ಹಿಟ್ಟಾಗುತ್ತದೆ. ಆದ್ದರಿಂದ ಮೀನನ್ನೆಲ್ಲ ಮಾಡಿದ ಹೊತ್ತಿಗೇ ಮುಗಿಸಿಬಿಡಬೇಕು. ಕಾಯಿಹಾಲು ಹಾಕದ ಸಾರೂ ಸೌತೆಯ ಹೋಳುಗಳೂ ಉಳಿದರೆ ಆರಿಸಿ ರೆಫ್ರಿಜರೇಟರಿನಲ್ಲಿಟ್ಟು, ಬೆಳಗ್ಗೆ ಒಂದು ಕುದಿ ಬರಿಸಿ ಗಂಜಿಗೆ ಬಡಿಸಬಹುದು. ಬೆನ್ನುಮೂಳೆಗಳಿಗಾಗಿ ಬಾವಿಕಟ್ಟೆಯ ಮೇಲೆ ಬೆಕ್ಕು ಆಗಲೇ ಕಾದು ಕುಳಿತಿರುತ್ತದೆ.